ಅಮ್ಮನ ಎಂಬತ್ತೈದು ಕಿಲೋ

ಮಾರ್ಚ್ 3, ಭಾನುವಾರ, ಬೆಳಿಗ್ಗೆ 8.00

ತೊಂಬತ್ನಾಲ್ಕು ಕಿಲೋ ಇನ್ನೂರು ಗ್ರಾಂ. ಕುರ್ಚಿಯ ತೂಕ ಕಳೆದು.

ಎರಡು ಸಲ ತೂಗಿದೆ. ಎರಡನೇ ಸಲ ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಬಿಡಮ್ಮ, ಉಸಿರಿಗೇನು ತೂಕವಿಲ್ಲ ಅಂದೆ. "ನನ್ನ ನಿಟ್ಟುಸಿರಿಗೆ ಇದೆ ಕಣೇ" ಅಂದಳು.

ತೂಕದ ಯಂತ್ರ ನಮ್ಮ ಆಫೀಸಿನದು. ಪರೀಕ್ಷಾ ವಿಭಾಗದಲ್ಲಿ ಉತ್ತರಪತ್ರಿಕೆಗಳ ಕಟ್ಟು ತೂಗುತ್ತಿದ್ದದ್ದು. ಹೊಸದು ಬಂದ ಮೇಲೆ ಮೂಲೆ ಸೇರಿತ್ತು, ಕೇಳಿ ತಂದೆ. ಮನೆಬಳಕೆಯ ಪುಟ್ಟ ಯಂತ್ರದ ಮೇಲೆ ಅಮ್ಮ ನಿಲ್ಲಲಾರಳು. ವಾಕರ್ ಹಿಡಿದು ನಿಂತರೆ ಅರ್ಧ ಭಾರ ವಾಕರಿಗೇ ಹೋಗುತ್ತದೆ. ಇದಾದರೆ ಅಗಲ. ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಕೂರಿಸಬಹುದು. ನೋಡಿದವಳೇ, "ಪಾರ್ಸೆಲ್ ಎಲ್ಲಿಗೆ?" ಅಂತ ಕೇಳಿದಳು. ನಕ್ಕೆ. ಅವಳು ನಗಲಿಲ್ಲ ಅನಿಸುತ್ತದೆ.

ಡಾಕ್ಟರ್ ಹೇಳಿದ್ದು: ಎಪ್ಪತ್ತಾರು ವಯಸ್ಸು, ಸವೆದ ಮೊಣಕಾಲು, ಬಿದ್ದ ಮೇಲೆ ಐದು ತಿಂಗಳಿಂದ ಮಂಚ–ಕುರ್ಚಿ–ಬಚ್ಚಲು. ತೂಕ ಇಳಿದರೆ ಮಂಡಿಗೂ ಹೃದಯಕ್ಕೂ ಸುಖ. ಆದರೆ ನಿಧಾನ. ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಬೇಡ. ಮೊಟ್ಟೆ, ಮೊಸರು, ಕಾಳು ತಪ್ಪಿಸಬೇಡಿ.

ಫ್ರಿಜ್ ಬಾಗಿಲಿಗೆ ಚಾರ್ಟ್ ಅಂಟಿಸಿದೆ. ಒಂದು ನೋಟ್‌ಬುಕ್ಕಿಗೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಮೂರು ಕಾಲಂ: ಸಮಯ, ಕೊಟ್ಟದ್ದು, ಎಷ್ಟು. ಹಗಲು ಅಮ್ಮನನ್ನು ನೋಡಿಕೊಳ್ಳುವಾಕೆ ತುಂಬಿಸಬೇಕು.

ಮಾರ್ಚ್ 10, ಭಾನುವಾರ

94.4.

ಏರಿದೆ. ಇನ್ನೂರು ಗ್ರಾಂ ಏರಿಕೆಯೇ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೂ ನೋಟ್‌ಬುಕ್ ಲೆಕ್ಕದ ಪ್ರಕಾರ ಇಳಿಯಬೇಕಿತ್ತು.

"ನಿನ್ನ ಯಂತ್ರಕ್ಕೆ ನನ್ನ ಮೇಲೆ ಕಣ್ಣು" — ಅಮ್ಮ.

ಮಾರ್ಚ್ 17, ಭಾನುವಾರ

94.3.

ನೋಡಿಕೊಳ್ಳುವಾಕೆಯನ್ನು ಕೇಳಿದೆ. ಐವತ್ತೈದರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ತೋಳು ಗಟ್ಟಿ. ಅಮ್ಮ ಅವಳಿಗಿಟ್ಟ ಹೆಸರು ಪೊಲೀಸಮ್ಮ. "ಮೇಡಂ, ನಾನು ಚಾರ್ಟ್‌ನಲ್ಲಿ ಇರೋದಕ್ಕಿಂತ ಒಂದು ಚಮಚ ಜಾಸ್ತಿ ಕೊಟ್ಟಿಲ್ಲ" ಅಂದಳು. ಕೇಳದೇ ಪ್ರಮಾಣ ಮಾಡುವವರ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನ. ಆದರೆ ಕೇಳಿದ್ದು ನಾನೇ ಅಲ್ಲವೇ.

ಆಫೀಸಿನಲ್ಲಿ ನನ್ನ ಕೆಲಸವೇ ಇದು. ನಕಲು ಹುಡುಕುವುದು. ಸರಿ ಉತ್ತರ ಇಬ್ಬರಿಗೂ ಒಂದೇ ಇದ್ದರೆ ಏನೂ ಅಲ್ಲ. ತಪ್ಪು ಒಂದೇ ಇದ್ದರೆ ನಿಲ್ಲಬೇಕು. ಹದಿನೆಂಟು ವರ್ಷ ಇದನ್ನು ಮಾಡಿದವಳಿಗೆ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ ಅದನ್ನು ಬಾಗಿಲಲ್ಲಿ ಬಿಡಲಾಗುತ್ತದೆಯೇ?

ಮಾರ್ಚ್ 20, ಬುಧವಾರ, ಸಂಜೆ

ಸಿಕ್ಕಿತು!

ಹೊಲಿಗೆ ಮಿಷನ್ನಿನ ಡ್ರಾಯರ್. ದಾರದುಂಡೆಗಳ ಕೆಳಗೆ ಕ್ರೀಂ ಬಿಸ್ಕೆಟ್, ಎರಡು ಪ್ಯಾಕ್. ಒಂದು ಖಾಲಿ, ಒಂದು ಅರ್ಧ. ಸೂಜಿ ಹುಡುಕಲು ಹೋಗಿದ್ದೆ... ಇಲ್ಲ. ಬಿಸ್ಕೆಟ್ ಹುಡುಕಲೇ ಹೋಗಿದ್ದೆ. ಇಲ್ಲಿಯೂ ಸುಳ್ಳು ಬರೆಯುವುದು ಬೇಡ.

"ಇದೇನಮ್ಮ?"

"ಬಿಸ್ಕೆಟ್ಟು."

"ಯಾರು ತಂದುಕೊಟ್ಟಿದ್ದು?"

"ಮೇಲಿನ ಮನೆಯವರು. ಪಾಪ, ಕಿಟಕಿ ಹತ್ರ ನಿಂತು ಮಾತಾಡ್ತಾರೆ. ಅವರ ನಾಯಿಗೆ ತಂದಿದ್ದಂತೆ, ನಂಗೂ ಒಂದೆರಡು ಕೊಟ್ರು."

"ನಾಯಿ ಬಿಸ್ಕೆಟ್ಟಾ?"

"ಥೂ, ಮನುಷ್ಯರದ್ದೇ ಕಣೇ. ನಾಯೀನೂ ಮನುಷ್ಯರದ್ದೇ ತಿನ್ನುತ್ತೆ."

ನಗು ತಡೆಯಲಾಗಲಿಲ್ಲ. ಪ್ಯಾಕೆಟ್ ಮಾತ್ರ ತೆಗೆದುಕೊಂಡು ಹೋದೆ. ಮೇಲಿನ ಮನೆಯ ನಿವೃತ್ತರಿಗೆ ವಿನಯವಾಗಿ ಹೇಳಿಬಂದೆ. ಅವರು ಎರಡೂ ಕಿವಿ ಮುಟ್ಟಿಕೊಂಡರು.

ಪೊಲೀಸಮ್ಮನ ಮೇಲಿನ ಅನುಮಾನ ವಾಪಸ್. ಅವಳಿಗೆ ಹೇಳಲು ಹೋಗಲಿಲ್ಲ. ಅನುಮಾನ ಪಟ್ಟಿದ್ದನ್ನೂ ಹೇಳಿರಲಿಲ್ಲವಲ್ಲ.

ಮಾರ್ಚ್ 24, ಭಾನುವಾರ

93.9. ಶುರುವಾಯಿತು.

ಬೆಳಿಗ್ಗೆ ಬಚ್ಚಲಲ್ಲಿ ಅಮ್ಮನನ್ನು ಏಳಿಸುವಾಗ ಸೊಂಟ ಹಿಡಿಯಿತು. ಅದೇ ಹಳೆಯ ಜಾಗ. ಎರಡು ನಿಮಿಷ ಗೋಡೆಗೆ ಹಣೆ ಕೊಟ್ಟು ನಿಂತೆ, ಅಮ್ಮ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಂಡು ಹಾಗೇ ಅರ್ಧ ಎದ್ದು ನಿಂತಿದ್ದಳು. ಹಗಲಾದರೆ ಎತ್ತಲು ಪೊಲೀಸಮ್ಮ ಇರುತ್ತಾಳೆ. ಬೆಳಿಗ್ಗೆ, ಸಂಜೆ, ಭಾನುವಾರ — ನಾನೊಬ್ಬಳೇ.

ಮಧ್ಯಾಹ್ನ ತಮ್ಮನ ಫೋನ್. ಕೈಯೆಲ್ಲ ಸೋಪು, ಸ್ಪೀಕರ್ ಹಾಕಿ ಮಾತಾಡಿದೆ. ಮತ್ತೆ ಅಮ್ಮನನ್ನು ಕೇರ್ ಹೋಮಿಗೆ ಸೇರಿಸುವ ವಿಷಯ. ಕೆಳಮಹಡಿಯ ಕೋಣೆಯೊಂದು ಜೂನ್ ಒಂದಕ್ಕೆ ಖಾಲಿಯಾಗುತ್ತದಂತೆ. ಮೇ ಕೊನೆಯೊಳಗೆ ಎಂಬತ್ತೈದಕ್ಕಿಳಿದರೆ ಅಮ್ಮ ಇಲ್ಲೇ, ಇಲ್ಲದಿದ್ದರೆ ಆ ಕೋಣೆ — ಎಂದು ತೀರ್ಮಾನವಾಯಿತು. ಅವನಿಗೇನು. ಎತ್ತುವವಳು ನಾನು.

ಎಂಬತ್ತೈದು. ಒಂಬತ್ತು ವಾರ. ಆಗುತ್ತದೆಯೇ?

ಅಮ್ಮನಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮಾರ್ಚ್ 31, ಭಾನುವಾರ

92.6!

ಬಿಸ್ಕೆಟ್ ಹೋದದ್ದೇ ಹೋದದ್ದು, ಒಂದು ಕಿಲೋ ಮುನ್ನೂರು. ಚಾರ್ಟಿನ ಮೇಲೆ ಕೆಂಪು ಪೆನ್ನಲ್ಲಿ ಚುಕ್ಕೆ ಇಟ್ಟು ಹಿಂದಿನದಕ್ಕೆ ಗೆರೆ ಎಳೆದೆ. ಅಮ್ಮ ಕುತ್ತಿಗೆ ಚಾಚಿ ನೋಡಿದಳು.

"ಇನ್ನೆಷ್ಟು ಉಳೀತು?"

"ಯಾವುದಕ್ಕೆ?"

"ಹೀಗೇ ಕೇಳಿದೆ."

ಏಪ್ರಿಲ್ 7, ಭಾನುವಾರ

91.3. ಮತ್ತೆ ಒಂದು ಕಿಲೋ ಮುನ್ನೂರು.

ಸಂತೋಷವಾಗಬೇಕಿತ್ತು. ಆಯಿತು ಕೂಡ, ಅರ್ಧ ಗಂಟೆ. ಆಮೇಲೆ ಯಂತ್ರದ ಬ್ಯಾಟರಿ ಬದಲಿಸಿದೆ. ಐದು ಕಿಲೋ ಅಕ್ಕಿ ಚೀಲ ಇಟ್ಟು ನೋಡಿದೆ. ಐದು ಕಿಲೋ ಇಪ್ಪತ್ತು ಗ್ರಾಂ. ಚೀಲದ್ದು ಇಪ್ಪತ್ತು. ಯಂತ್ರ ನೆಟ್ಟಗಿದೆ.

ನಾನು ಹೀಗೇಕೆ? ಇಳಿಯದಿದ್ದರೂ ಅನುಮಾನ, ಇಳಿದರೂ ಅನುಮಾನ.

ಫಿಸಿಯೋ ಹುಡುಗಿ ನಿನ್ನೆ ಬಂದಿದ್ದಳು. ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲಳು ಎಂದು ಎಣಿಸುತ್ತಾಳೆ. ಮೊದಲ ಸಲ ಮೂರು, ಈಗಲೂ ಮೂರು. "ಪರವಾಗಿಲ್ಲ ಆಂಟಿ, ನಾಲ್ಕಾಗುತ್ತೆ." ಇನ್ನು ಮೂರು ವಾರ ಅವಳಿಗೆ ತರಬೇತಿ ಇದೆಯಂತೆ, ಮೇ ಮೊದಲ ಶನಿವಾರ ಬರುತ್ತಾಳೆ. ವ್ಯಾಯಾಮಗಳ ಚಿತ್ರ ಬರೆದುಕೊಟ್ಟು ಹೋದಳು.

ಏಪ್ರಿಲ್ 14, ಭಾನುವಾರ

90.2.

ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದೆ. ಓದಿದೆ ಅನ್ನುವುದಕ್ಕಿಂತ ಪರಿಶೀಲಿಸಿದೆ.

ಸೌತೆಕಾಯಿ 140 ಗ್ರಾಂ. ಸೋಮವಾರ 140, ಮಂಗಳವಾರ 140, ಗುರುವಾರ 140. ಯಾವ ಸೌತೆಕಾಯಿ ಪ್ರತಿದಿನ ಒಂದೇ ತೂಗುತ್ತದೆ? ಇನ್ನೊಂದು — ಸೋಮದಿಂದ ಗುರುವಾರದವರೆಗೆ ಒಂದೇ ಶಾಯಿ, ಒಂದೇ ಒತ್ತು, ಅಕ್ಷರ ಒಂದೇ ಕಡೆ ವಾಲಿದೆ. ನಾಲ್ಕು ದಿನದ್ದನ್ನು ಒಂದೇ ಸಲ ಕೂತು ಬರೆದದ್ದು. ಪಂದ್ಯ ಕಟ್ಟುತ್ತೇನೆ.

ಅಡುಗೆಮನೆಯ ಕಸದ ಡಬ್ಬಿಯಲ್ಲಿ ಒಂದು ಟಿಶ್ಯೂ. ಬಿಡಿಸಿದೆ. ಮೊಟ್ಟೆಯ ಹಳದಿ, ಪುಡಿಪುಡಿ.

ಅಂದರೆ ಮೊಟ್ಟೆ ಎಲ್ಲಿಗೋ ಹೋಗುತ್ತಿದೆ. ಅಮ್ಮನ ಹೊಟ್ಟೆಗಲ್ಲ.

ಏಪ್ರಿಲ್ 16, ಮಂಗಳವಾರ, ಸಂಜೆ 7.00

ಬರೆಯಲು ಕೈ ಬರುತ್ತಿಲ್ಲ. ಆದರೂ.

ಹೊರಡುವಾಗ ಪೊಲೀಸಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿ ನೋಟ್‌ಬುಕ್ ತೋರಿಸಿದೆ.

"ಇದು ದಿನಾ ದಿನಾ ಬರೆದಿದ್ದಾ?"

"ಇಲ್ಲ ಮೇಡಂ. ಕೆಲಸದ ಮಧ್ಯೆ ಪುರುಸೊತ್ತು ಎಲ್ಲಿ. ಗುರುವಾರ ಕೂತು ಬರೀತೀನಿ."

"ಹಾಗಾದರೆ ಸೌತೆಕಾಯಿ?"

"ಹೆಚ್ಚುಕಮ್ಮಿ ಅಷ್ಟೇ ಇರುತ್ತೆ."

"ಮೊಟ್ಟೆ?"

"ಮೊಟ್ಟೆಗೇನು?"

ಆಮೇಲೆ ನಾನು ಅದನ್ನು ಕೇಳಿದೆ. ಬ್ಯಾಗ್ ತೋರಿಸಿ ಅಂದೆ. ಬಹುವಚನ ಹಾಕಿದ್ದೆ, ಅಷ್ಟೇ ನನ್ನ ಮರ್ಯಾದೆ.

ಅವಳು ಬ್ಯಾಗನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಂದೊಂದಾಗಿ ತೆಗೆದಳು. ತೊಳೆದ ಊಟದ ಡಬ್ಬಿ. ಬದಲಿ ಬಟ್ಟೆ. ನೋವಿನ ಮುಲಾಮು, ಕೊನೆಯಿಂದ ಸುರುಳಿ ಸುತ್ತಿ ಹಿಂಡಿದ್ದು. ಮಂಡಿಗೆ ಹಾಕುವ ಪಟ್ಟಿ. ಅಷ್ಟೇ.

"ಒಳಗಿನ ಜಿಪ್ಪೂ ತೆಗೀಲಾ ಮೇಡಂ?"

ಬೇಡ ಅಂದೆ.

"ತೆಗೀತೀನಿ. ಆಮೇಲೆ ರಾತ್ರಿ ನಿಮಗೆ ಅದೊಂದು ಉಳೀಬಾರದು." ತೆಗೆದಳು. ಬಸ್ ಪಾಸ್.

ಒಳಗಿನಿಂದ ಅಮ್ಮ ಕೂಗುತ್ತಿದ್ದಳು, "ಏನದು? ಏನು ನಡೀತಿದೆ ಅಲ್ಲಿ?"

ಏಪ್ರಿಲ್ 17, ಬುಧವಾರ

ಬರಲಿಲ್ಲ. ಫೋನ್ ತೆಗೆಯುತ್ತಿಲ್ಲ.

ರಜೆ ಹಾಕಿದೆ.

ಏಪ್ರಿಲ್ 25, ಗುರುವಾರ

ಎಂಟು ದಿನ. ಬರೆಯಲು ಸಮಯವಿಲ್ಲ ಎಂದಲ್ಲ, ಸೊಂಟ ಬಗ್ಗಿಸಿ ಮೇಜಿನ ಮುಂದೆ ಕೂರಲು ಆಗುತ್ತಿರಲಿಲ್ಲ. ಭಾನುವಾರ ತೂಗಲೂ ಇಲ್ಲ.

ಒಂದು ಮಾತು ಹೇಳಬೇಕು, ಈ ವಾರ ಅಮ್ಮ ನನಗೆ ಬಹಳ ಸಹಕಾರ ಕೊಟ್ಟಳು. ಕರೆಯುವುದೇ ಇಲ್ಲ. ಬಚ್ಚಲಿಗೆ ದಿನಕ್ಕೆ ಎರಡೇ ಸಲ. ಪಾಪ, ಹೊಂದಿಕೊಂಡಿದ್ದಾಳೆ.

ಹೀಗೆ ಬರೆದು ಒಂದು ಕ್ಷಣ ನಿಂತೆ. ಅಮ್ಮ ಯಾವತ್ತು ಯಾವುದಕ್ಕೆ ಹೊಂದಿಕೊಂಡವಳು?

ಪೊಲೀಸಮ್ಮ ಇವತ್ತು ಬಂದಳು. ನನ್ನ ಫೋನ್ ತೆಗೆಯದವಳು ಅಮ್ಮನದು ತೆಗೆದಳಂತೆ. ನನ್ನ ಪರವಾಗಿ ಅಮ್ಮ ಕ್ಷಮೆ ಕೇಳಿದಳಂತೆ. ಏನು ಹೇಳಿದೆ ಅಂತ ಕೇಳಿದ್ದಕ್ಕೆ, "ನನ್ನ ಮಗಳಿಗೆ ಓದು ಜಾಸ್ತಿ ಆಗಿದೆ, ಮನಸ್ಸಿಗೆ ಹಚ್ಕೋಬೇಡ ಅಂದೆ."

ನಾನೂ ಕ್ಷಮೆ ಕೇಳಿದೆ, ಅಡುಗೆಮನೆಯಲ್ಲಿ, ನಿಂತುಕೊಂಡು. ಅವಳು ಪಾತ್ರೆ ಒರೆಸುತ್ತಾ ಹೇಳಿದಳು: "ನಾನು ಕೊಟ್ಟಿದ್ದು ಬರೆದಿದೀನಿ ಮೇಡಂ. ತಿಂದಿದ್ದು ಬರಿ ಅಂತ ನೀವು ಹೇಳಿಲ್ಲ."

ಅಂದರೆ?

"ತಟ್ಟೆ ಕೊಟ್ಟ ತಕ್ಷಣ ನನ್ನನ್ನ ಆಚೆ ಕಳಿಸ್ತಾರೆ. ಯಾರಾದ್ರೂ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ ಅಂತಾರೆ. ತಟ್ಟೆ ಖಾಲಿ ಬರುತ್ತೆ. ನಾನೇನು ಗಂಟಲೊಳಗೆ ನೋಡಕ್ಕಾಗುತ್ತಾ?"

ಏಪ್ರಿಲ್ 28, ಭಾನುವಾರ

88.1.

ಇನ್ನು ಮೂರು ಕಿಲೋ ನೂರು ಗ್ರಾಂ.

ಅಮ್ಮ ಕೂತಲ್ಲೇ ಲೆಕ್ಕ ಹಾಕಿದಳು, ನನಗಿಂತ ಮೊದಲೇ. "ಮೂರು ಚಿಲ್ಲರೆ" ಅಂದಳು. ಎಲ್ಲಿಂದ ಕಳೆದಳು? ಎಂಬತ್ತೈದರ ವಿಷಯ ಅವಳಿಗೆ ಯಾರು ಹೇಳಿದರು? ತಮ್ಮನೇ ಇರಬೇಕು. ಹೇಳಬೇಡ ಅಂದಿದ್ದೆನಲ್ಲ.

ಫೋನ್ ಮಾಡಿದೆ. "ನಾನ್ಯಾಕೆ ಹೇಳ್ಲಿ ಅಕ್ಕ?" ಅಂದ. ಧ್ವನಿ ಸಹಜವಾಗಿತ್ತು. ತೀರಾ ಸಹಜವಾಗಿತ್ತು.

ಮೇ 4, ಶನಿವಾರ, ಮಧ್ಯಾಹ್ನ

ಫಿಸಿಯೋ ಹುಡುಗಿ ಬಂದಳು. ನಾನು ಚಾರ್ಟ್ ಹಿಡಿದು ಕಾಯುತ್ತಿದ್ದೆ, ಬಹುಮಾನ ವಿತರಣೆಗೆ ನಿಂತವಳ ಹಾಗೆ. ಅವಳು ಚಾರ್ಟನ್ನು ನೋಡಲೇ ಇಲ್ಲ. ಅಮ್ಮನ ಮುಖ ನೋಡಿದಳು.

"ಆಂಟಿ, ಎದ್ದು ಕೂರೋಣ. ಕೈ ಊರಿ, ಪರವಾಗಿಲ್ಲ."

ಅಮ್ಮ ಒಂದು ಸಲ ಎದ್ದಳು. ಎರಡನೇ ಸಲ ಅರ್ಧಕ್ಕೆ ಬಂದು, ತೊಡೆ ನಡುಗಿ, ದೊಪ್ಪೆಂದು ಕೂತಳು. ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಅಂಗೈ ಬುಡಕ್ಕೆ ಬಂದಿತ್ತು. ಇಷ್ಟು ಸಡಿಲ ಯಾವಾಗಿನಿಂದ?

"ಒಂದು" ಅಂದಳು ಹುಡುಗಿ. ಅಮ್ಮನ ತೊಡೆಯ ಸುತ್ತ ಟೇಪ್ ಹಿಡಿದಳು. ಮುಂಗೈಯ ಚರ್ಮ ಚಿವುಟಿ ಬಿಟ್ಟಳು. ಅದು ಚಿವುಟಿದ ಹಾಗೇ ನಿಂತಿತು. ನಾಲಿಗೆ ನೋಡಿದಳು. ಆಮೇಲೆ ಚಾರ್ಟ್ ಇಸಿದುಕೊಂಡು ನನ್ನನ್ನು ವರಾಂಡಕ್ಕೆ ಕರೆದಳು.

"ಮೇಡಂ, ಎರಡು ತಿಂಗಳಲ್ಲಿ ಆರು ಕಿಲೋ. ಯಾರು ಹೇಳಿದ್ರು ಇಷ್ಟು ಬೇಗ ಇಳಿಸಿ ಅಂತ?"

"ಇಳಿಸಿದ್ದಲ್ಲ. ಇಳಿದದ್ದು."

"ಇಳಿದಿದ್ದೇನು? ಕೊಬ್ಬಾ, ಕಾಲಿನ ಮಾಂಸನಾ? ತೂಕ ಇಳೀಬೇಕು, ಶಕ್ತಿ ಇಳೀಬಾರದು. ಇವರಿಗೆ ತೊಡೇಲಿ ಏನೂ ಉಳಿದಿಲ್ಲ. ಹೀಗೇ ಹೋದ್ರೆ ಹಗುರ ಆಗ್ತಾರೆ ನಿಜ, ಆದ್ರೆ ಏಳೋದೇ ಇಲ್ಲ. ನೀರು ಎಷ್ಟು ಕುಡೀತಾರೆ?"

ಗೊತ್ತಿಲ್ಲ. ನೋಟ್‌ಬುಕ್ಕಿನಲ್ಲಿ ನೀರಿನ ಕಾಲಂ ಇಲ್ಲ.

"ಏನು ತಿಂತಾರೆ ಅಂತ ಯಾರಾದ್ರೂ ಕಣ್ಣಾರೆ ನೋಡ್ತೀರಾ?"

ಅದೂ ಇಲ್ಲ. ನನ್ನ ಬಳಿ ಅರವತ್ತು ದಿನದ ಲೆಕ್ಕ ಇದೆ, ಗ್ರಾಂ ಸಮೇತ. ಅಮ್ಮ ಏನು ತಿಂದಳು ಎನ್ನುವುದು ಮಾತ್ರ ಇಲ್ಲ.

ಮೇ 6, ಸೋಮವಾರ, ಮಧ್ಯಾಹ್ನ 2.30

ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಮೇಲಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕರು. ಮುಖ ಬಿಗಿದುಕೊಂಡಿದ್ದರು.

"ಮೇಡಂ, ಬೇಜಾರು ಮಾಡ್ಕೋಬೇಡಿ, ಒಂದು ಮಾತು. ನಮ್ಮ ನಾಯಿ ಎರಡು ಕಿಲೋ ಏರಿದೆ. ಪಶುವೈದ್ಯರು ನನಗೆ ಛೀಮಾರಿ ಹಾಕಿದ್ರು. ನಾನು ಬಿಸ್ಕೆಟ್ ನಿಲ್ಲಿಸಿ ಒಂದೂವರೆ ತಿಂಗಳಾಯ್ತು. ಈ ಕಟ್ಟಡದಲ್ಲಿ ಯಾರೋ ತಿನ್ನಿಸ್ತಿದಾರೆ."

"ಯಾರ ಮೇಲಾದರೂ ಅನುಮಾನ ಇದೆಯಾ?"

"ಛೆ ಛೆ, ಹೆಸರು ಹೇಳಲ್ಲ. ಆದ್ರೆ ಒಂದು ಗಂಟೆಗೆ ಸರಿಯಾಗಿ ಸರಪಳಿ ಎಳ್ಕೊಂಡು ಓಡುತ್ತೆ, ನಿಮ್ಮ ಕಿಟಕಿ ಕಡೆ. ಗಡಿಯಾರ ನೋಡಕ್ಕೆ ನಾನೇನು ಕಲಿಸಿಲ್ಲ."

ಅರ್ಧ ದಿನ ರಜೆ ಬರೆದುಕೊಟ್ಟು ಹನ್ನೆರಡೂಮುಕ್ಕಾಲಿಗೆ ವಾಪಸ್ ಬಂದೆ. ಮನೆಯೊಳಗೆ ಹೋಗಲಿಲ್ಲ. ಕಟ್ಟಡದ ಪಕ್ಕ, ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ಹಿಂದೆ ನಿಂತೆ. ನಲವತ್ತಾರು ವರ್ಷದ ಹೆಂಗಸು, ಆಫೀಸಿನ ಗುರುತಿನ ಚೀಟಿ ಕೊರಳಲ್ಲಿ, ತನ್ನ ಮನೆಯ ಕಿಟಕಿಗೆ ತಾನೇ ಹೊಂಚು.

ಒಂದು ಗಂಟೆ ಐದು ನಿಮಿಷ. ನಾಯಿ ಬಂದು ಕೂತಿತು. ಬೊಗಳಲಿಲ್ಲ, ಬಾಲ ಮಾತ್ರ ನೆಲ ಗುಡಿಸುತ್ತಿತ್ತು. ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಬಂತು. ಗಡಿಯಾರ ಅಂಗೈ ಬುಡಕ್ಕೆ ಜಾರಿದ ಕೈ. ಮೊದಲು ಅರ್ಧ ಮೊಟ್ಟೆ. ಆಮೇಲೆ ಇನ್ನರ್ಧ. ಆಮೇಲೆ ಕಾಳು, ಹಿಡಿಹಿಡಿಯಾಗಿ. ಅವಸರವಿಲ್ಲ. ಕೊನೆಗೆ ಕೈ ಟಿಶ್ಯೂವಿನಲ್ಲಿ ಒರೆಸಿಕೊಂಡಿತು. ಆಮೇಲೆ — ಇದನ್ನು ನೋಡಬಾರದಿತ್ತು — ಒಂದು ಬೆರಳು ಬಾಯಿಗೆ ಹೋಗಿ ಬಂತು. ಅಂಟಿದ ಹಳದಿ ಚೀಪಲು.

ಹಸಿವಿದೆ ಅವಳಿಗೆ.

ಮನೆಗೆ ಏನು ಬರುತ್ತಿದೆ ಎಂದು ಎರಡು ತಿಂಗಳು ಕಾದವಳು ನಾನು. ಏನು ಹೊರಹೋಗುತ್ತಿದೆ ಎಂದು ಒಂದು ದಿನವೂ ನೋಡಲಿಲ್ಲ.

ಅದೇ ದಿನ, ಸಂಜೆ 6.00

ಕೇಳಿದೆ. ಕುರ್ಚಿ ಎಳೆದುಕೊಂಡು ಎದುರು ಕೂತು ಕೇಳಿದೆ.

"ಯಾಕಮ್ಮ?"

"ಏನು ಯಾಕೆ?"

"ನಾನು ನೋಡಿದೆ. ಕಿಟಕಿ."

ಅಮ್ಮ ಕಿಟಕಿ ಕಡೆ ತಿರುಗಿದಳು. "ಅದು ನನ್ನನ್ನ ನೋಡೋ ತರಾನೇ ಬೇರೆ. ನೀವೆಲ್ಲ ನೋಡೋ ಹಾಗಲ್ಲ."

"ಅಮ್ಮ, ತಮಾಷೆ ಬೇಡ."

"ಇನ್ನು ಮೂರು ಕಿಲೋ ಇತ್ತು ಕಣೇ ಪುಟ್ಟಿ. ಇಪ್ಪತ್ತೈದು ದಿನ ಇದೆ. ಆಗಿಹೋಗ್ತಿತ್ತು."

"ನೀರೂ ಕುಡೀತಿಲ್ಲ ನೀನು."

"ಕುಡಿದ್ರೆ ಬಚ್ಚಲಿಗೆ ಹೋಗ್ಬೇಕು. ಹೋಗ್ಬೇಕು ಅಂದ್ರೆ ಕರೀಬೇಕು. ಕರೆದ್ರೆ ನೀನು ಬರ್ತೀಯ, ಎತ್ತೋ ಮುಂಚೆ ಒಂದು ಸಲ ಕಣ್ಣು ಮುಚ್ತೀಯ. ಅದನ್ನ ಎಷ್ಟು ಸಲ ನೋಡ್ಲಿ?"

ನಾನು ಕಣ್ಣು ಮುಚ್ಚುತ್ತೇನೆಯೇ? ಗೊತ್ತಿರಲಿಲ್ಲ.

"ಎಂಬತ್ತೈದು ಅಂತ ಅವನು ಏನೋ ಬಾಯಿಗೆ ಬಂದದ್ದು ಹೇಳಿದ ಅಂತ ನೀನು ಹೀಗೆ—"

"ಅವನಲ್ಲ."

"ಅಮ್ಮ, ನಾನೇ ಅವತ್ತು ಫೋನಲ್ಲಿ—"

"ಅವನು 'ನೋಡೋಣ ಅಕ್ಕ, ಅವಸರ ಏನಿದೆ' ಅಂದ. ಎಂಬತ್ತೈದು ಅಂದವಳು ನೀನು. ಪಾತ್ರೆ ತಿಕ್ತಾ ಇದ್ದೆ. 'ಎಂಬತ್ತೈದಕ್ಕಿಳಿದ್ರೆ ನಾನೊಬ್ಬಳೇ ಎತ್ತಬಲ್ಲೆ, ಇಲ್ದಿದ್ರೆ ನನ್ನ ಕೈಲಾಗಲ್ಲ, ಆ ಕೋಣೆ ಹಿಡಿ' ಅಂದೆ. ನಲ್ಲಿ ನಿಲ್ಲಿಸಿ ಇನ್ನೊಂದು ಸಲ ಅಂದೆ. ನನ್ನ ಮಂಡಿ ಹೋಗಿದೆ ಕಣೇ, ಕಿವಿ ಹೋಗಿಲ್ಲ."

ಕೋಪವಿರಲಿಲ್ಲ ಧ್ವನಿಯಲ್ಲಿ. ಅದೇ ತಡೆಯಲಾಗದ್ದು. ಯಾವುದೋ ಅಂಗಡಿಯ ವಿಳಾಸ ಹೇಳುವ ಹಾಗೆ ಹೇಳಿದಳು.

ನಾನು ಎದ್ದು ಬಂದೆ.

ಮೇ 7, ಮಂಗಳವಾರ, ಬೆಳಿಗ್ಗೆ 5.30

ಮಾರ್ಚ್ 24ರ ಪುಟ ತೆಗೆದು ಓದಿದೆ. "ತೀರ್ಮಾನವಾಯಿತು" ಎಂದು ಬರೆದಿದ್ದೇನೆ. ಯಾರು ಮಾಡಿದರು ಎಂದು ಬರೆದಿಲ್ಲ. ಮುಂದಿನ ಸಾಲಿನಲ್ಲೇ ತಮ್ಮನ ಮೇಲೆ ಸಿಟ್ಟು.

ಯಾರೂ ಓದದ ಪುಸ್ತಕದಲ್ಲಿ ಯಾರನ್ನು ನಂಬಿಸಲು ಬರೆದೆ ಇದನ್ನು?

ಪೊಲೀಸಮ್ಮನ ಶಾಯಿ ಒಂದೇ ಬಣ್ಣದ್ದು ಎಂದು ಹಿಡಿದವಳು.

ನೇರವಾಗಿ ಬರೆಯುತ್ತೇನೆ. ಅವತ್ತು ಬೆಳಿಗ್ಗೆ ಸೊಂಟ ಹಿಡಿದಿತ್ತು. ಹೆದರಿದ್ದೆ. ಇನ್ನು ಹತ್ತು ವರ್ಷ ಹೀಗೆಯೇ ಎಂದು ಗೋಡೆಗೆ ಹಣೆ ಕೊಟ್ಟು ನಿಂತಾಗ ಅನಿಸಿತ್ತು. ಕೋಣೆ ಖಾಲಿಯಾಗುತ್ತದೆ ಎಂದು ತಮ್ಮ ಹೇಳಿದಾಗ ಎದೆ ಹಗುರಾಯಿತು. ಹಗುರಾದದ್ದಕ್ಕೆ ನಾಚಿಕೆಯಾಗಿ ಒಂದು ಅಂಕಿ ಕಂಡುಹಿಡಿದೆ. ಅಮ್ಮ ಹೋಗಬೇಕಾಗಿ ಬಂದರೆ ಕಳಿಸಿದ್ದು ಅಂಕಿಯೇ ಆಗಿರಲಿ, ನಾನಲ್ಲ.

ಇಷ್ಟು.

ಮೇ 8, ಬುಧವಾರ

ಡಾಕ್ಟರ್ ಬೈದರು. ನನ್ನನ್ನೂ, ಅಮ್ಮನನ್ನೂ, ಸರಿಸಮವಾಗಿ. ಮತ್ತೆ ನಿಧಾನ: ವಾರಕ್ಕೆ ಅರ್ಧ ಕಿಲೋ, ಅದೂ ಮುಂದಿನ ತಿಂಗಳಿಂದ. ಈ ತಿಂಗಳು ಇಳಿಯುವುದೇ ಬೇಡ, ಮೊದಲು ಕಾಲಿಗೆ ಶಕ್ತಿ ಬರಲಿ. ದಿನಕ್ಕೆ ಆರು ಲೋಟ ನೀರು. ಅಮ್ಮ "ಆರಾ?" ಅಂದು ನನ್ನ ಕಡೆ ನೋಡಿದಳು. ನಾನು ಕಿಟಕಿ ಕಡೆ ನೋಡಿದೆ.

ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾನು ಹೇಳಿದ ಎಂಬತ್ತೈದನ್ನೂ. "ಗೊತ್ತಲ್ಲ ಅಕ್ಕ, ನೀನೇ ಹೇಳಿದ್ದು" ಅಂದ. ಆಮೇಲೆ, "ನಿನ್ನ ಸೊಂಟದ ಕಥೆ ಏನು?" ಕೇಳಿದ. ಇಷ್ಟು ವರ್ಷದಲ್ಲಿ ಕೇಳಿರಲಿಲ್ಲ ಎಂದುಕೊಂಡೆ. ಅಥವಾ ಕೇಳಿದ್ದನೇನೋ, ನಾನು ಅದರ ಹಿಂದೆ ಏನಿದೆ ಎಂದು ಹುಡುಕಿದ್ದೆನೇನೋ.

ಮೇ 10, ಶುಕ್ರವಾರ

ಫಿಸಿಯೋ ಹುಡುಗಿ ನನಗೇ ಒಂದು ಗಂಟೆ ಪಾಠ ಮಾಡಿದಳು. ನಾನು ಇಷ್ಟು ದಿನ ಎತ್ತುತ್ತಿದ್ದದ್ದೇ ತಪ್ಪಂತೆ. ಕಂಕುಳಲ್ಲಿ ಕೈ ಹಾಕಿ ಎಳೆಯುವುದಲ್ಲ. ಅಮ್ಮ ಕುರ್ಚಿಯ ಅಂಚಿಗೆ ಸರಿಯಬೇಕು, ಪಾದ ಹಿಂದಕ್ಕೆ, ಮೂಗು ಮಂಡಿಗಿಂತ ಮುಂದೆ ಬರುವಷ್ಟು ಬಗ್ಗಬೇಕು. ಆಗ ಅರ್ಧ ಕೆಲಸ ಅವಳ ಭಾರವೇ ಮಾಡುತ್ತದೆ. ಕುರ್ಚಿ, ಮಂಚ ಎರಡನ್ನೂ ನಾಲ್ಕು ಇಂಚು ಎತ್ತರಿಸಬೇಕು. ಬಡಗಿ ಬಂದು ಕಾಲಿಗೆ ಮರದ ಗಟ್ಟಿ ಕೂರಿಸಿದ.

ಪೊಲೀಸಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನಾನು ಮೊದಲಿಂದಾನೂ ಹೀಗೇ ಏಳಿಸೋದು" ಅಂದಳು.

"ನನಗೆ ಹೇಳಲಿಲ್ಲವಲ್ಲ?"

"ನೀವು ಕೇಳಲಿಲ್ಲ ಮೇಡಂ."

ಮೂರು ದಿನದಿಂದ ಮಧ್ಯಾಹ್ನದ ಊಟಕ್ಕೆ ಅವಳು ತನ್ನ ಡಬ್ಬಿ ತಂದು ಅಮ್ಮನ ಎದುರೇ ಕೂರುತ್ತಾಳೆ. ನಾನು ಹೇಳಿದ್ದಲ್ಲ. ಇಬ್ಬರೂ ಸೇರಿ ನನ್ನನ್ನು ಆಡಿಕೊಳ್ಳುತ್ತಾರೆ ಎಂದು ಬಲವಾದ ಅನುಮಾನ. ಇರಲಿ.

ಮೇ 12, ಭಾನುವಾರ, ಮಧ್ಯಾಹ್ನ 3.30

ತಮ್ಮ ಬಂದಿದ್ದ. ಇವತ್ತು ತೂಗಲಿಲ್ಲ. ಯಂತ್ರ ಕಂಡದ್ದೇ ಅವನಿಗೆ ಆಟ. ಕುರ್ಚಿಯಲ್ಲಿ ತಾನೇ ಕೂತ. ತೊಂಬತ್ತೊಂದು.

"ಎಂಬತ್ತೈದರ ಮೇಲಿದ್ದೀಯ" ಅಂದಳು ಅಮ್ಮ. "ಆ ಕೋಣೆ ಇನ್ನೂ ಖಾಲಿ ಇದೆಯೇನೋ?"

ಒಂದು ಕ್ಷಣ ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಮೊದಲು ಅವಳೇ ನಕ್ಕಳು.

ಊಟ ಮುಗಿದ ಮೇಲೆ ಅವನು ಕೇಳಿದ, ಮೆಲ್ಲಗೆ, "ಕೋಣೆಗೆ ಏನು ಹೇಳ್ಲಿ ಅಕ್ಕ? ನಾಳೆ ಉತ್ತರ ಕೊಡಬೇಕು." ಅಮ್ಮ ಕೇಳದ ಹಾಗೆ ಮಾತಾಡಲು ನಾನು ಅಡುಗೆಮನೆ ಕಡೆ ತಿರುಗಿದ್ದೆ. ನಿಂತೆ. ಅಮ್ಮನ ಎದುರೇ ಕೂತು ಹೇಳಿದೆ. ಬೇಡ ಅಂದೆ. ಎಷ್ಟು ಕಿಲೋ ಆದರೂ ಬೇಡ. ನನ್ನ ಸೊಂಟ ಕೈಕೊಟ್ಟ ದಿನ ಮೂವರೂ ಕೂತು ಮಾತಾಡೋಣ, ಅಮ್ಮನ ಬೆನ್ನ ಹಿಂದೆ ಅಲ್ಲ. ಭಾನುವಾರ ನೀನು ಬಾ. ಅವನು ಬರುತ್ತೇನೆ ಅಂದ. ಬರುತ್ತಾನೆಯೇ? ನೋಡಬೇಕು.

ಅಮ್ಮ ನನ್ನ ಮುಖ ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಉತ್ತರಪತ್ರಿಕೆ ಹಿಡಿದು ಕೂತಾಗ ನನ್ನದು ಅದೇ. ಇದು ನಿಜವಾಗಿ ಇವಳದೇ ಉತ್ತರವೇ, ಎಲ್ಲಿಂದಲೋ ನೋಡಿ ಬರೆದದ್ದೇ ಎಂದು.

ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಅದೇ ದಿನ, 4.00

ತಮ್ಮ ಹೊರಟ. ಅಮ್ಮ ನೀರು ಕೇಳಿದಳು. ತಾನಾಗಿ. ದೊಡ್ಡ ಲೋಟದಲ್ಲಿ ಕೊಟ್ಟೆ. ಅರ್ಧ ಕುಡಿದು ನಿಲ್ಲಿಸಿದಳು, ನನ್ನನ್ನು ನೋಡಿದಳು, ಉಳಿದದ್ದನ್ನೂ ಕುಡಿದಳು. ಗಂಟಲು ಇಳಿದದ್ದನ್ನು ನಾನು ನೋಡಿದೆ. ನೋಡುತ್ತಿದ್ದೇನೆ ಎಂದು ಅವಳಿಗೂ ಗೊತ್ತಿತ್ತು. "ಇನ್ನೊಂದು" ಅಂದಳು.

4.40

ಎರಡು ಲೋಟ. ಈಗ ಬೇಕಾಗಿರುತ್ತದೆ. ಹೋಗಿ ಕೇಳಬಹುದು. ಕೇಳಿದರೆ ಬೇಡ ಅನ್ನುತ್ತಾಳೆ, ಇಷ್ಟು ದಿನ ಅಂದಿದ್ದು ಅದೇ. ಕೇಳದೆ ಕೂತಿದ್ದೇನೆ. ಬಾಗಿಲು ತೆರೆದಿದೆ.

4.55

ಮಂಚ ಕಿರುಗುಟ್ಟಿತು. ವಾಕರ್ ಎಳೆದ ಸದ್ದು. ಒಬ್ಬಳೇ ಏಳಲು ನೋಡುತ್ತಿದ್ದಾಳೆಯೇ? ಕಾಲು ಇನ್ನೂ... ಓಡಿ ಹೋಗಲೇ?

ಸದ್ದು ನಿಂತಿತು. ಯೋಚಿಸುತ್ತಿದ್ದಾಳೆ. ಇಲ್ಲಿ ಕೂತೇ ಗೊತ್ತಾಗುತ್ತಿದೆ.

"ಪುಟ್ಟೀ..."

ಕರೆದಳು. ಎರಡನೇ ಸಲ ಕರೆಯುವ ಮೊದಲೇ